ಹದಿಮೂರನೆಯ ಕುರ್ಚಿ

ಹನ್ನೆರಡು ಮಂದಿ ಸಾಕು ಇಲ್ಲಿ ಒಬ್ಬನ ಹಣೆಬರಹಕ್ಕೆ.
ನಾನು ಹದಿಮೂರನೆಯವಳು, ಬದಲಿ ಜ್ಯೂರಿ.
ಯಾರಿಗಾದರೂ ಹೊಟ್ಟೆ ಕೆಟ್ಟರೆ, ಯಾರದಾದರೂ ಅತ್ತೆ ತೀರಿಕೊಂಡರೆ
ಆ ಕುರ್ಚಿಗೆ ಜರುಗಬೇಕಾದವಳು. ಅಲ್ಲಿಯ ತನಕ
ಎಲ್ಲ ನೋಡು, ಎಲ್ಲ ಕೇಳು, ತುಟಿ ಬಿಚ್ಚಬೇಡ.
ದಿನಕ್ಕೆ ಒಂಬತ್ತು ಡಾಲರ್ ಭತ್ಯೆ.

ಇರೀ ಪಟ್ಟಣ. ಕೋರ್ಟಿನ ಕಂಬಗಳಾಚೆ ಎಲ್ಲೋ
ಮಾರ್ಚಿನ ಸರೋವರ ತನ್ನ ಮಂಜುಗಡ್ಡೆ ತಾನೇ ಮುರಿಯುತ್ತಿತ್ತು.

ಆಯ್ಕೆಯ ದಿನ ಆರೋಪಿಯ ವಕೀಲೆ ಕೇಳಿದಳು:
ಕೆಲಸ?
ಕಣ್ಣು ಪರೀಕ್ಷೆ. ಹತ್ತೊಂಬತ್ತು ವರ್ಷ.
ಯಾರ ಮೇಲಾದರೂ ಮೊದಲೇ ಒಲವು, ಮುನಿಸು?
ಇಲ್ಲ ಅಂದೆ. ಅಂಗಡಿ ಬಾಡಿಗೆಯವನ ಮೇಲೆ ಇತ್ತು,
ಅದು ಈ ಕೇಸಿಗೆ ಬರುವುದಿಲ್ಲ.
ಸರ್ಕಾರಿ ವಕೀಲ ಕಾರಣ ಹೇಳದೆ ಒಬ್ಬ ಮೇಷ್ಟರನ್ನು ಮನೆಗೆ ಕಳಿಸಿದ,
ಈಕೆ ಕಾರಣ ಹೇಳದೆ ಒಬ್ಬ ವಿಮೆ ಏಜೆಂಟನನ್ನು.
ಅಕ್ಕಿ ಆರಿಸಿದ ಹಾಗೆ ಆರಿಸಿ ಆರಿಸಿ
ಮೊರದ ಅಂಚಿಗೆ ಉಳಿದದ್ದು ನಾನು.

ಡ್ವೈಟ್ ವೊಯ್ಚಿಕ್, ಇಪ್ಪತ್ತಾರು, ದೋಣಿ ರಿಪೇರಿಯವನು.
ಧಣಿಯ ಶೆಡ್ಡಿಗೆ ಬೆಂಕಿ ಇಟ್ಟನೆಂದು ಆಪಾದನೆ.
ತಪ್ಪಿತಸ್ಥನಲ್ಲ ಎಂದು ಎಂದೋ ಹೇಳಿ ಮುಗಿಸಿದ್ದಾನೆ,
ಇನ್ನವನು ಬಾಯಿ ಬಿಡಬೇಕಿಲ್ಲ.
ಮೌನಂ ಸಮ್ಮತಿಲಕ್ಷಣಂ ಅನ್ನುತ್ತೇವೆ ನಾವು.
ಇಲ್ಲಿ ಜಡ್ಜಮ್ಮ ಎರಡು ಸಲ ಹೇಳಿದರು:
ಅವನ ಮೌನದಿಂದ ಏನನ್ನೂ ಹಿಂಡಬೇಡಿ.

ಪೆಟ್ರೋಲ್ ಬಂಕಿನವನು ಶುರುಮಾಡಿದ:
'ನಮ್ಮ ಭಾವ ಹೇಳಿದ, ಇವನೇ ಅಂತೆ...'
ಆಕ್ಷೇಪಣೆ! ಅವರಿವರ ಬಾಯಿಮಾತು.
ಎತ್ತಿಹಿಡಿಯಲಾಗಿದೆ.
ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು
ಅನ್ನುವ ಒಂದು ಗಾದೆ ಕಾಯಲಿಕ್ಕೆ
ಎಷ್ಟು ದಪ್ಪ ಗೋಡೆ ಎಬ್ಬಿಸಿದ್ದಾರಪ್ಪಾ ಅಂದುಕೊಂಡೆ.
ಕೇಳಿದ್ದನ್ನು ಕೇಳಿಲ್ಲವೆಂದು ತಿಳಿಯಿರಿ ಅಂದರು ಜಡ್ಜಮ್ಮ.
ಆ ಮಾತನ್ನೂ ಸೇರಿಸಿ ಟೈಪು ಮಾಡಿಕೊಂಡಳು ಬರೆಯುವವಳು.

ಮೂರನೆಯ ದಿನ ಯೂನಿಸ್ ಟಾಲ್ಬರ್ಟ್.
ಬೈಬಲ್ಲಿನ ಮೇಲೆ ಕೈ. ಸತ್ಯ, ಪೂರ್ತಿ ಸತ್ಯ, ಸತ್ಯವಲ್ಲದೆ ಬೇರಿಲ್ಲ.
ಅಡುಗೆಮನೆ ಕಿಟಕಿಯಿಂದ ಕಂಡೆ, ರಾತ್ರಿ ಹನ್ನೊಂದೂವರೆ,
ಶೆಡ್ಡಿನ ದೀಪದ ಕೆಳಗೆ ನಿಂತಿದ್ದ. ಇದೇ ಮುಖ.
ಸುಳ್ಳಾಡುವ ಹೆಂಗಸಲ್ಲ, ಯಾರಾದರೂ ಹೇಳಬಹುದು.
ಆದರೆ ಮೋಡ ಸರಿದು ಕೋರ್ಟಿನ ಕಿಟಕಿ ಬೆಳಗಿದಾಗ
ಹುಬ್ಬಿಗೆ ಅಂಗೈ ಅಡ್ಡ ಹಿಡಿದರು,
ಹದಿನಾಲ್ಕನೆಯ ದಾಖಲೆಯ ಫೋಟೋ ತಿರುಗಿಸಿ ನೆರಳಿಗೆ ಒಯ್ದರು.

ಪೊರೆ. ಎರಡೂ ಕಣ್ಣಿಗೆ. ಎಡಕ್ಕೆ ಹೆಚ್ಚು.
ಅಂಥ ಕಣ್ಣಿಗೆ ಇರುಳಿನ ದೀಪ
ಒಡೆದ ಹತ್ತಿಕಾಯಿಯ ಹಾಗೆ ಬಿರಿಯುತ್ತದೆ.
ಅದರಡಿ ನಿಂತವನು ಯಾರೂ ಆಗಬಹುದು,
ಡ್ವೈಟೂ ಆಗಬಹುದು.

ಪಾಟಿ ಸವಾಲಿನಲ್ಲಿ ವಕೀಲೆ ದೂರ ಕೇಳಿದಳು, ಗಂಟೆ ಕೇಳಿದಳು,
ಊಟದ ಜೊತೆ ವೈನ್ ಎಷ್ಟು ಲೋಟ ಕೇಳಿದಳು.
ಕಣ್ಣು ಕೇಳಲಿಲ್ಲ. ಬೇರೆ ಪ್ರಶ್ನೆಯಿಲ್ಲ ಅಂತ ಕೂತಳು.
ನನ್ನ ನಾಲಿಗೆ ಹಲ್ಲಿನ ಹಿಂದೆ ಎದ್ದು ನಿಂತಿತು.
ಆದರೆ ಕೂತಲ್ಲಿಂದ, ಟಾರ್ಚಿಲ್ಲದೆ, ಮಸೂರವಿಲ್ಲದೆ
ಇನ್ನೊಬ್ಬರ ಕಣ್ಣಿಗೆ ತೀರ್ಪು ಕೊಡಲು ನಾನೇನು ಸಾಕ್ಷಿಯೇ?

ಕೊನೆಗೆ ಜಡ್ಜಮ್ಮನ ಸೂಚನೆ. ಸಕಾರಣ ಸಂಶಯ ಅಂದರೆ
ನಿಮ್ಮ ಬಾಳಿನ ದೊಡ್ಡ ಕೆಲಸವೊಂದಕ್ಕೆ ಹೊರಟಾಗ
ಹೊಸ್ತಿಲಲ್ಲಿ ಕಾಲು ತಡೆಯುವಂಥದ್ದು.
ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು.
ಅದನ್ನೇ ಇವರು ನಲವತ್ತು ನಿಮಿಷ ಓದಿದರು.

ಆಮೇಲೆ: ಬದಲಿಯವರು ಹೊರಡಬಹುದು, ವಂದನೆ.
ಹನ್ನೆರಡು ಮಂದಿ ಒಳಗಿನ ಬಾಗಿಲಿಗೆ ನಡೆದರು.
ನಾಲ್ಕು ದಿನ ನನಗೆ ಪೆಪ್ಪರ್ಮಿಂಟು ಕೊಟ್ಟ ಐದನೆಯವನು
ತಿರುಗಿ ನೋಡಿದ, ಕೊಡೆ ಮರೆತವನ ಹಾಗೆ.

ಶುಕ್ರವಾರ ಗುಮಾಸ್ತೆಯ ಫೋನು:
ತೀರ್ಪು ಬಂತು, ನೀವು ಬರಬೇಕಿಲ್ಲ,
ಇನ್ನು ಬೇಕಾದರೆ ಮಾತಾಡಬಹುದು.
ಯಾರ ಹತ್ತಿರ ಅಂತ ಆಕೆ ಹೇಳಲಿಲ್ಲ,
ಏನು ತೀರ್ಪು ಅಂತ ನಾನು ಕೇಳಲಿಲ್ಲ.

ಕತ್ತಲ ಕೋಣೆಯಲ್ಲಿ ಒಬ್ಬ ಹುಡುಗ ಕಾಯುತ್ತಿದ್ದ
ಗದ್ದ ಸ್ಟ್ಯಾಂಡಿಗೆ ಊರಿ.
ಯಾವುದು ಸ್ಪಷ್ಟ, ಒಂದೋ, ಎರಡೋ?
ಎರಡೂ ಒಂದೇ ಥರ, ಅಂದ.
ಅವಸರವಿಲ್ಲ ಅಂದೆ. ಇನ್ನೊಮ್ಮೆ ತೋರಿಸಿದೆ.